ಮಾರು

ಏಳಕ್ಕೆ ನಾನು ಲ್ಯಾಬಿನ ಶಟರ್ ಎತ್ತುವ ಮೊದಲೇ
ಮೆಟ್ಟಿಲ ಮೇಲೆ ಕೂತಿರುತ್ತಿದ್ದರು ಪುರ್ಸು ತಾಂಡೇಲರು,
ನೀರು ಕುಡಿಯಬಹುದು ಅಂದರೂ ಕುಡಿಯದೆ,
ಹನ್ನೆರಡು ತಾಸಿನ ಖಾಲಿ ಹೊಟ್ಟೆಯನ್ನು
ಏಕಾದಶಿಯ ಹಾಗೆ ಹೊತ್ತುಕೊಂಡು.

ವರ್ಷಕ್ಕೊಮ್ಮೆ ಬರುತ್ತಿದ್ದರು. ಜೂನಿನಲ್ಲಿ
ಬೈತಖೋಲದಲ್ಲಿ ಬೋಟುಗಳನ್ನೆಲ್ಲ ಕಟ್ಟಿಹಾಕಿ
ಬಲೆಗೆ ರಜೆ ಸಿಕ್ಕಾಗ ಅವರಿಗೆ ಎದೆಯ ನೆನಪು.
ಗೋವೆಯಲ್ಲಿ ಕೂರಿಸಿದ ಎರಡು ಸ್ಟೆಂಟುಗಳನ್ನು
"ನನ್ನ ಎರಡು ಬೋಯೆ" ಎನ್ನುತ್ತಿದ್ದರು.

ರಬ್ಬರು ಪಟ್ಟಿ ಬಿಗಿಯುತ್ತೇನೆ. ಮುಷ್ಟಿ ಹಿಡೀರಿ.
ಹಗ್ಗ ಎಳೆದೆಳೆದು ಗಂಟುಗಟ್ಟಿದ ಆ ತೋಳಿನಲ್ಲಿ
ನರ ಹುಡುಕಬೇಕಾಗಿರಲಿಲ್ಲ, ಅದೇ ಮೇಲೆ ಬರುತ್ತಿತ್ತು.
"ಎಷ್ಟು ಮಾರು ಉಂಟು ಒಳಗೆ?"
"ಐದು ಎಂಎಲ್ ಸಾಕು."

ಯಂತ್ರ ಹತ್ತು ನಿಮಿಷ ಗಿರ್ರೆಂದು ನಿಂತಾಗ
ಕೆಂಪು ಕೆಳಗೆ, ತಿಳಿ ಮೇಲೆ.
ತಿಳಿ ಎನ್ನುವುದು ನಮ್ಮ ಕಸುಬಿನ ಮಾತು,
ಅವರದು ತಿಳಿಯಾಗಿರಲಿಲ್ಲ.
ಅಕ್ಕಿ ತೊಳೆದ ನೀರು.
ಫ್ರಿಜ್ಜಿನಲ್ಲಿ ರಾತ್ರಿ ಇಟ್ಟಿದ್ದರೆ ಕೆನೆ ಕಟ್ಟುತ್ತಿತ್ತು.

ಕೆಟ್ಟ ಕೊಬ್ಬು ಅರವತ್ತೆಂಟು. ಗುಳಿಗೆ ಕೆಲಸ ಮಾಡಿದೆ.
ಅಷ್ಟು ಕೇಳಿದ್ದೇ ಶೆವಂತಿಬಾಯಿ ಬುಟ್ಟಿ ಎತ್ತಿಕೊಂಡರು:
"ಹಾಗಾದ್ರೆ ಬಾಂಗಡೆ ಹುರೀಬಹುದು."
ಒಳ್ಳೆಯದು ಇಪ್ಪತ್ತೊಂಬತ್ತು, ಅದರ ಮುಂದೆ ಒಂದು ಚುಕ್ಕಿ.
ಟ್ರೈಗ್ಲಿಸರೈಡು ಮುನ್ನೂರ ನಲವತ್ತು, ಅಲ್ಲೂ ಒಂದು.
ಚುಕ್ಕಿಯ ಅರ್ಥ ಹೇಳುವುದು ನನ್ನ ಕೆಲಸವಲ್ಲ.
ಡಾಕ್ಟರಿಗೆ ತೋರಿಸಿ ಎಂದೆ. ಬಾಯಿ ಮುಚ್ಚಿದೆ,
ಲಕೋಟೆಯದು.

ಆಗಸ್ಟ್ ಒಂದಕ್ಕೆ ಬೋಟು ಹೊರಟಿತು.
ಲಕೋಟೆ ದೇವರ ಫೋಟೋದ ಹಿಂದೆ ಉಳಿಯಿತು.

ದೇವಗಡದ ದೀಪ ಎಡಕ್ಕೆ ಬಂದಾಗ
ಚುಕ್ಕಾಣಿಗೆ ಕೈ ಹಾಕಲು ಹೋದರಂತೆ, ಕೈ ಹೋಗಲಿಲ್ಲವಂತೆ.
ಹುಡುಗರಿಗೆ "ಬಲೆ ಎತ್ತಿ" ಎನ್ನಬೇಕಾದಲ್ಲಿ
"ಉಪ್ಪು ಮುಚ್ಚಿ" ಎಂದರಂತೆ.
ತಾಂಡೇಲರ ತಮಾಷೆ ಗೊತ್ತಿದ್ದ ಹುಡುಗರು
ಒಂದೂವರೆ ತಾಸು ನಕ್ಕರು.
ನಾವೆಲ್ಲ ಎದೆಯ ಬಾಗಿಲಲ್ಲೇ ಕಾವಲು ಕೂತಿದ್ದೆವು;
ಅದು ಕುತ್ತಿಗೆಯ ದಾರಿಯಲ್ಲಿ ಹೋಗಿತ್ತು.

ಈಗ ಮತ್ತೆ ಜೂನು.
ಶೆವಂತಿಬಾಯಿಯ ಹೆಗಲು ಹಿಡಿದು ಮೆಟ್ಟಿಲು ಹತ್ತುತ್ತಾರೆ,
ಒಂದಕ್ಕೆ ಎರಡು ಸಲ ನಿಂತು.
ಮನೆಯ ಕೊಂಕಣಿ ಹೋಯಿತು, ಶಾಲೆಯ ಕನ್ನಡ ಹೋಯಿತು.
ಹೆಂಡತಿಯ ಹೆಸರಿದ್ದಲ್ಲಿ ಈಗ ಬರೀ "ಅದು".
ಉಳಿದದ್ದು ಒಂದು ಎಣಿಕೆ.
ಹುಡುಗನಾಗಿದ್ದಾಗ ಕಾಳಿಯ ಅಳಿವೆಯಲ್ಲಿ
ದೋಣಿಯ ಮೂತಿಗೆ ಕೂತು, ಸೀಸದ ಗುಂಡು ಇಳಿಬಿಟ್ಟು
ಹಿಂದಿನವರಿಗೆ ಕೂಗಿ ಹೇಳುತ್ತಿದ್ದ ಎಣಿಕೆ,
ಅಂಕೋಲೆಯ ತಾಂಡೇಲನೊಬ್ಬ ಕಿವಿ ಹಿಂಡಿ ಕಲಿಸಿದ್ದು.
ಮರಳಿನ ದಿಬ್ಬ ವರ್ಷ ವರ್ಷ ಜಾಗ ಬದಲಿಸುತ್ತದಂತೆ;
ಮೇಲಿನ ನೀರು ನೋಡಿದರೆ ತಿಳಿಯುವುದಿಲ್ಲವಂತೆ.

ನರ ಸಿಗಲಿಲ್ಲ. ಮೂರು ಸಲ ಚುಚ್ಚಿದೆ.
ಅವರು ಮುಖ ಹಿಂಡಲಿಲ್ಲ. ಕೊಳವೆ ತುಂಬುವುದನ್ನೇ ನೋಡುತ್ತ
"ಆರು ಮಾರು" ಎಂದರು.
"ಐದು. ಐದು. ನಾಲ್ಕು."
ದಡ ಹತ್ತಿರ ಬಂತು ಅಂತ ಹೇಳ್ತಾರೆ, ಎಂದು
ಶೆವಂತಿಬಾಯಿ ನನಗೆ ಅನುವಾದ ಮಾಡಿದರು.

ಇವತ್ತು ಲಕೋಟೆ ಅಂಟಿಸಲಿಲ್ಲ.
ಚುಕ್ಕಿಯ ಮೇಲೆ ಬೆರಳಿಟ್ಟು, ಇದು ನೋಡಿ,
ಇದನ್ನು ಕೇಳದೆ ಬರಬೇಡಿ ಎಂದೆ, ಡಾಕ್ಟರು ಬೈದರೆ ಬೈಯಲಿ.
ಅವರು ಬಾಗಿದರು ಕಾಗದದ ಮೇಲೆ,
ನೀರಿನ ಬಣ್ಣ ಓದುವವರ ಹಾಗೆ, ಬಹಳ ಹೊತ್ತು.
"ಒಂದೂವರೆ."

ಎಷ್ಟು ಮಾರಿಗೆ ಬೋಟಿನ ಅಡಿ ತಾಗುತ್ತದೆ ಎಂದು
ಶೆವಂತಿಬಾಯಿಗೆ ಗೊತ್ತಿತ್ತು.
ನಾನು ಕೇಳಲಿಲ್ಲ.
ಹತ್ತಿಯ ಉಂಡೆ ಅವರ ತೋಳಿಗೆ ಒತ್ತಿ ಹಿಡಿದುಕೊಂಡೆ.